ನಾಟಿ ಕಡ್ಡಿ

ನಮ್ಮ ಊರಂಚಿನ ಹಿನಕಲ್‌ನಲ್ಲಿ ನನ್ನ ಅಕ್ಕನ ಮನೆಯ ಪಕ್ಕದ ಸೈಟು ಬಹಳ ವರ್ಷ ಖಾಲಿ ಬಿದ್ದಿತ್ತು. ಅದರ ಯಜಮಾನರು ಬೇರೆ ಊರಿನಲ್ಲಿದ್ದರು. ಖಾಲಿ ಸೈಟಿನ ಪಕ್ಕದವರು ಸಾಮಾನ್ಯವಾಗಿ ಮಾಡುವುದನ್ನೇ ಅಕ್ಕನೂ ಮಾಡಿದ್ದಳು. ಕಾಂಪೌಂಡಿಗೆ ಸಣ್ಣದೊಂದು ಗೇಟು ಇಡಿಸಿ, ಆಚೆಗೆ ಕರಿಬೇವು, ನುಗ್ಗೆ, ಪಪ್ಪಾಯಿ ಹಾಕಿಕೊಂಡಿದ್ದಳು. ಅವುಗಳ ಜೊತೆಗೆ ಎರಡು ಹಿಪ್ಪುನೇರಳೆ, ಅಂದರೆ ಮಲ್ಬೆರಿ ಗಿಡಗಳಿದ್ದವು. ಬೇಲಿಯ ಮೂಲೆಯಲ್ಲಿದ್ದದ್ದು ತಾನಾಗಿ ಹುಟ್ಟಿದ್ದು, ಹಕ್ಕಿ ತಂದು ಹಾಕಿದ್ದಿರಬೇಕು. ಅದರ ಹಣ್ಣು ಕಡಲೆಕಾಳಿಗಿಂತ ತುಸು ದೊಡ್ಡದು, ಹುಳಿ. ಗೇಟಿನ ಪಕ್ಕದಲ್ಲಿದ್ದದ್ದು ಹೈಬ್ರಿಡ್. ರೇಷ್ಮೆ ಹುಳುವಿನ ಮೇವಿಗೆ ಬೆಳೆಸುವುದಲ್ಲ, ಹಣ್ಣಿಗೆಂದೇ ಬೆಳೆಸುವುದು. ಅದರ ಹಣ್ಣು ಕಿರುಬೆರಳಿನಷ್ಟು ಉದ್ದ. ಚೆನ್ನಾಗಿ ಕಳಿತರೆ ಕಪ್ಪಗಾಗಿ, ಮುಟ್ಟಿದರೆ ಸಾಕು ಕೈಗೆ ಬರುತ್ತಿತ್ತು. ಕಿತ್ತವರ ಬೆರಳಿನ ಬಣ್ಣ ಸೋಪಿಗೂ ಹೋಗುತ್ತಿರಲಿಲ್ಲ.

ಆ ಹೈಬ್ರಿಡ್ ಗಿಡ ಬಂದದ್ದು ಊರೊಳಗಿನ ಮಂಡಿ ಮೊಹಲ್ಲಾದಿಂದ. ಅಕ್ಕ ಶಾಲೆಯಲ್ಲಿ ಟೀಚರಾಗಿದ್ದಾಗ ಅವಳ ಜೊತೆಗಿದ್ದ ಇನ್ನೊಬ್ಬ ಟೀಚರ್ ಅಲ್ಲಿ, ಕೆಳಗೆ ಸಗಟು ಅಂಗಡಿ, ಮೇಲೆ ಮನೆ ಇರುವ ಹಳೆಯ ಕಟ್ಟಡದಲ್ಲಿದ್ದಾರೆ. ಟೆರೇಸಿನ ಮೇಲೆ ನೀಲಿ ಡ್ರಮ್ಮಿನಲ್ಲಿ ಅವರು ಈ ಗಿಡ ಬೆಳೆಸಿದ್ದರು. ಅದರದೇ ಒಂದು ಕಡ್ಡಿಯನ್ನು ಅಕ್ಕನಿಗೆ ಕೊಟ್ಟಿದ್ದರು. ಇಬ್ಬರೂ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ಅವರು ಅಕ್ಕನಿಗೆ ‘ಮಿಸ್’, ಅಕ್ಕ ಅವರಿಗೆ ‘ಮಿಸ್’. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಮಿಸ್ಸೇ.

ಎರಡು ವರ್ಷದ ಹಿಂದೆ ಮಿಸ್ ತಮ್ಮ ಟೆರೇಸ್ ಸೋರುತ್ತದೆಂದು ರಿಪೇರಿ ಮಾಡಿಸಿದರು. ಕೆಲಸದವರು ಮಿಕ್ಕ ಸಿಮೆಂಟು ನೀರನ್ನು ಡ್ರಮ್ಮಿಗೆ ಸುರಿದುಬಿಟ್ಟರು. ಗಿಡ ಸತ್ತಿತು. ಅಂದಿನಿಂದ ಅವರು ಅಕ್ಕನನ್ನು ಒಂದು ಕಡ್ಡಿ ಕೇಳುತ್ತಿದ್ದರು. ಅಕ್ಕ ಇಲ್ಲ ಅನ್ನಲಿಲ್ಲ, ಕೊಡಲೂ ಇಲ್ಲ. ಚಳಿ ಕಳೆಯಲಿ ಅಂದಳು. ಹಣ್ಣು ಮುಗಿಯಲಿ, ಆಮೇಲೆ ಸವರಿ ಕೊಡುತ್ತೇನೆ ಅಂದಳು. ಒಮ್ಮೆ ಅವರು ಮನೆಗೇ ಬಂದು ಕೇಳಿದಾಗ ಶುಕ್ರವಾರವಾಗಿತ್ತು. ಶುಕ್ರವಾರ ಗಿಡ ಮನೆಯಿಂದ ಆಚೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕನಿಗೆ ಕೊಡುವ ಮನಸ್ಸಿತ್ತು ಎಂಬುದು ನನಗೆ ಗೊತ್ತು. ಕೊಟ್ಟದ್ದು ಬೇರು ಬಿಟ್ಟು ಹತ್ತಿಕೊಳ್ಳಲೇಬೇಕು ಅನ್ನುವುದು ಅವಳ ಹಟ. ಆದರೆ ಕೇಳಿ ಕೇಳಿ ಬರಿಗೈಯಲ್ಲಿ ಹೋದವರಿಗೆ ಇದು ಹೇಗೆ ಕಾಣುತ್ತದೆ ಎಂಬುದು ಬೇರೆ ವಿಷಯ.

ಕಳೆದ ವರ್ಷ ಅಕ್ಕ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋದಳು. ಅವಳು ಅತ್ತ ಹೋದ ಕೆಲವೇ ದಿನಗಳಲ್ಲಿ ಸೈಟಿನ ಯಜಮಾನರು ಅವಳಿಗೆ ಫೋನ್ ಮಾಡಿ, ಮನೆ ಕಟ್ಟಲು ಶುರು ಮಾಡುತ್ತಿದ್ದೇವೆ, ನಾಡಿದ್ದು ಜೆಸಿಬಿ ಬರುತ್ತದೆ, ನಿಮ್ಮದು ಏನಾದರೂ ಇದ್ದರೆ ತೆಗೆದುಕೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಿದರು. ಮನೆಯಲ್ಲಿದ್ದವರು ನಮ್ಮ ಭಾವ ಒಬ್ಬರೇ. ಅಕ್ಕ ಹಾಸನದಿಂದ ಅವರಿಗೆ ಫೋನ್ ಮಾಡಿ ಹೇಳಿದ ಮಾತು ಇದು. ಇದನ್ನು ನಾನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡಿದ್ದೇನೆ, ಇಬ್ಬರೂ ಒಂದಕ್ಷರ ವ್ಯತ್ಯಾಸವಿಲ್ಲದೆ ಹೇಳಿದ್ದಾರೆ:

“ರೀ, ಮಲ್ಬೆರಿದು ನಾಟಿ ಕಡ್ಡಿ ಮಾಡಿ ಮಿಸ್‌ಗೆ ಕೊಟ್ಬಿಡಿ.”

ಭಾವ ಕೊಟ್ಟರು. ಗೇಣುದ್ದದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ ತಯಾರಿಟ್ಟಿದ್ದರು. ನಾನು ಒಂಟಿಕೊಪ್ಪಲಿನ ಮನೆಯಿಂದ ಹಿನಕಲ್‌ಗೆ ಹೋಗಿ, ಆ ಕಟ್ಟನ್ನು ಸ್ಕೂಟರಿನಲ್ಲಿಟ್ಟುಕೊಂಡು, ಆಫೀಸಿಗೆ ಹೋಗುವ ದಾರಿಯಲ್ಲಿ ಮಂಡಿ ಮೊಹಲ್ಲಾದಲ್ಲಿ ಇಳಿಸಿದೆ. ಎಲೆ ಸವರಿದ ಕಡ್ಡಿ ನೋಡಿದರೆ ಯಾವ ಗಿಡದ್ದೆಂದು ನನ್ನಂಥವನಿಗೆ ತಿಳಿಯುವುದಿಲ್ಲ. ಮಿಸ್ ಕಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

“ಅಂತೂ ಕಳಿಸಿದ್ರಲ್ಲಪ್ಪಾ ನಿಮ್ಮಕ್ಕ!” ಅಂದರು. “ನಿಮ್ಮಕ್ಕನ್ನ ಹಾಸನಕ್ಕೆ ಕಳಿಸಿದ್ಮೇಲೇ ಇದಕ್ಕೆ ಬಿಡುಗಡೆ ಆಗಿದ್ದು ನೋಡಿ.”

ನಾನೂ ನಕ್ಕೆ. ಕಾಫಿ ಕೊಟ್ಟರು. ಮರುದಿನ ಹಿನಕಲ್‌ನಲ್ಲಿ ಜೆಸಿಬಿ ಬಂದು ನುಗ್ಗೆ, ಪಪ್ಪಾಯಿ, ಹಿಪ್ಪುನೇರಳೆ ಎಲ್ಲವನ್ನೂ ಬುಡಸಮೇತ ಎತ್ತಿ ಲಾರಿಗೆ ತುಂಬಿತು.

ತಿಂಗಳು ಕಳೆದ ಮೇಲೆ ಅಕ್ಕ ಹಾಸನದಿಂದ ನನಗೆ ಫೋನ್ ಮಾಡಿದಳು. ಮಿಸ್ ಒಂದು ಫೋಟೊ ಕಳಿಸಿದ್ದರು, ಅದನ್ನು ನನಗೂ ಕಳಿಸಿದಳು. ಹಿಪ್ಪುನೇರಳೆಯ ಕಡ್ಡಿ ಚಿಗುರುವಾಗಲೇ ಎಲೆಯ ಜೊತೆಗೆ ಒಂದೆರಡು ಕಾಯಿ ಬಿಡುವುದುಂಟು. ಫೋಟೊದಲ್ಲಿದ್ದ ಎಲೆಗಳು ಬೆಂಡೆಯ ಎಲೆಯ ಹಾಗೆ ಸೀಳಿದ್ದವು. ಹೈಬ್ರಿಡ್‌ನ ಎಲೆ ಸೀಳುವುದಿಲ್ಲ, ಅಂಗೈಯಷ್ಟು ಅಗಲಕ್ಕೆ ಇಡಿಯಾಗಿರುತ್ತದೆ. ಎಲೆಯ ಬುಡದಲ್ಲಿ ಕಡಲೆಕಾಳಿನಂಥ ಒಂದು ಹಣ್ಣು. ಕೆಳಗೆ ಮಿಸ್ ಬರೆದದ್ದು ಎರಡೇ ಪದ: ‘ಥ್ಯಾಂಕ್ಸ್ ಮಿಸ್’.

“ಇದು ಆ ಬೇಲಿ ಮೂಲೆದು ಕಣೋ,” ಅಂದಳು ಅಕ್ಕ. “ನೀನೇನ್ ತಗೊಂಡ್ ಹೋಗಿ ಕೊಟ್ಟೆ?”

“ಭಾವ ಕೊಟ್ಟಿದ್ದನ್ನ ಕೊಟ್ಟೆ.”

“ಹೋಗಿ ಕೇಳು ಅವರನ್ನ. ಫೋನಲ್ಲಿ ಕೇಳಿದ್ರೆ ನನಗೆ ಬಿಪಿ ಬರುತ್ತೆ.”

ಭಾವ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಹುಟ್ಟಿದ್ದು ಚಾಮರಾಜನಗರದ ಕಡೆ, ಮನೆ ತುಂಬ ರೇಷ್ಮೆ ಹುಳು ಸಾಕುತ್ತಿದ್ದ ಕುಟುಂಬದಲ್ಲಿ. ನಾನು ಹೋದಾಗ ಅವರು ಟಿವಿ ನೋಡುತ್ತಿದ್ದರು. ಕೇಳಿದ ಪ್ರಶ್ನೆಗೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನಾಟಿ ಕಡ್ಡಿ ಕೊಡಿ ಅಂದ್ಲು, ನಾಟಿ ಕೊಟ್ಟೆ.”

“ಭಾವ, ನಾಟಿ ಕಡ್ಡಿ ಅಂದ್ರೆ ನಾಟಿ ಮಾಡೋಕೆ ರೆಡಿ ಮಾಡಿರೋ ಕಡ್ಡಿ.”

“ಅದ್ಯಾರಪ್ಪ ಅಂಗೆ ಅನ್ನೋರು? ನಮ್ಮೂರಲ್ಲಿ ಮಲ್ಬೆರಿ ಅಂದ್ರೆ ಎರಡೇಯ. ಒಂದು ನಾಟಿ, ಇನ್ನೊಂದು ಹೈಬ್ರಿಡ್ಡು. ಮಿಸ್ಸು ಟೌನ್‌ನೋರು, ನಾಟಿ ಕೋಳಿ, ನಾಟಿ ಮೊಟ್ಟೆ ಅಂತ ಹುಡುಕ್ಕೊಂಡು ಹೋಗೋರು. ಮಲ್ಬೆರಿನೂ ನಾಟಿನೇ ಕೇಳವ್ರೆ ಅಂದ್ಕೊಂಡೆ. ತಪ್ಪೇನು?”

ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವಾಕ್ಯಗಳಿಗೆ ಎರಡರ್ಥ ಬರುತ್ತದೆಯೇ ಎಂದು ನೋಡುವುದು ನನ್ನ ದಿನದ ಕೆಲಸ. ನಾಟಿ ಅಂದರೆ ನೆಡುವುದು. ನಾಟಿ ಅಂದರೆ ಊರಿನ ಜಾತಿ. ಎರಡೂ ಸರಿಯಾದ ಕನ್ನಡ. ಅಕ್ಕ ಹೇಳಿದ್ದೂ ಸರಿ, ಭಾವ ಕೇಳಿಸಿಕೊಂಡದ್ದೂ ಸರಿ. ತಿದ್ದುವುದಕ್ಕೆ ಏನೂ ಇಲ್ಲದ ವಾಕ್ಯದಿಂದ ಇಷ್ಟು ಅನರ್ಥವಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

“ಮತ್ತೆ ಹೈಬ್ರಿಡ್ ಏನಾಯ್ತು?” ಎಂದೆ.

ಭಾವನ ಮುಖ ಅರಳಿತು. “ಅದನ್ನ ಬುಡ್ತೀನಾ? ಅದು ನಿಮ್ಮಕ್ಕಂದು. ಒಂದ್ ಕಡ್ಡಿನೂ ಜೆಸಿಬಿಗೆ ಬುಡದಂಗೆ ಕುಯ್ದು ಭದ್ರವಾಗಿ ಇಟ್ಟಿವ್ನಿ, ಬಾ.”

ಮೆಟ್ಟಿಲ ಕೆಳಗೆ, ಹಳೆಯ ಫ್ಯಾನು, ಪೇಂಟಿನ ಡಬ್ಬಗಳ ಹಿಂದೆ, ಗೋಣಿಚೀಲವೊಂದು ಇತ್ತು. ಮೊದಲು ದಿನವೂ ನೀರು ಚಿಮುಕಿಸುತ್ತಿದ್ದರಂತೆ. ಆಮೇಲೆ ನೆಂಟರ ಮದುವೆಗೆಂದು ಊರಿಗೆ ಹೋದರು, ಬಂದ ಮೇಲೆ ಮರೆತರು. ಬಾಯಿ ಬಿಚ್ಚಿದರೆ ಸೌದೆಯ ವಾಸನೆ. ಒಂದೊಂದನ್ನೂ ತೆಗೆದು ಉಗುರಿನಿಂದ ಸಿಪ್ಪೆ ಕೆರೆದು ನೋಡಿದೆ. ಜೀವ ಇದ್ದರೆ ಸಿಪ್ಪೆಯ ಕೆಳಗೆ ಹಸಿರಿರಬೇಕು. ಎಲ್ಲವೂ ಕಂದು. ಚೀಲದ ತಳದಲ್ಲಿ, ನೆಲದ ತೇವ ತಾಗಿದ್ದ ಕಡೆ, ಎರಡು ಕಡ್ಡಿಗಳಲ್ಲಿ ಮಾತ್ರ ಮಾಸಲು ಹಸಿರು ಕಂಡಿತು. ಅವನ್ನು ಮರಳು ಬೆರೆಸಿದ ಮಣ್ಣಿನ ಕುಂಡಕ್ಕೆ ಚುಚ್ಚಿ, ನೆರಳಿನಲ್ಲಿಟ್ಟು, ನೀರು ಹಾಕುವುದು ಹೇಗೆಂದು ಭಾವನಿಗೆ ಎರಡೆರಡು ಸಲ ಹೇಳಿ ಬಂದೆ. ಹೇಳುವಾಗ ನಾಟಿ ಎಂಬ ಪದ ಬಳಸಲಿಲ್ಲ.

ಅಕ್ಕ ಬಾಣಂತನ ಮುಗಿಸಿ ಬಂದವಳು ಮೊದಲು ಮಾಡಿದ ಕೆಲಸ ಮಂಡಿ ಮೊಹಲ್ಲಾಕ್ಕೆ ಹೋಗಿದ್ದು. ನನ್ನನ್ನೂ ಕರೆದುಕೊಂಡು ಹೋದಳು. ಅವಳಿಗೆ ಆಗ ಗಿಡದ ಚಿಂತೆಗಿಂತ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಒಂದೇ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಹಂಚಿಕೊಂಡ ಗೆಳತಿ, ತನ್ನನ್ನು ಮೋಸಗಾರಳು ಅಂದುಕೊಂಡಿದ್ದಾಳೆ ಎನ್ನುವ ಚಿಂತೆ.

ಮಿಸ್ ಬಾಗಿಲು ತೆಗೆದರು, ಕೂರಿಸಿದರು, ಮಗುವಿನ ತೂಕ ವಿಚಾರಿಸಿದರು. ಗಿಡದ ಸುದ್ದಿ ಎತ್ತಲಿಲ್ಲ. ಅಕ್ಕನೇ ಎತ್ತಿ, ನಾಟಿಗೆ ಎರಡರ್ಥ ಎಂಬುದನ್ನು ಪಾಠ ಮಾಡಿದ ಹಾಗೆ ವಿವರಿಸಿದಳು. ಮಿಸ್ ಪೂರ್ತಿ ಕೇಳಿಸಿಕೊಂಡರು.

“ಬಿಡಿ ಮಿಸ್. ನನಗೆ ನಾಟಿ ಅಂದ್ರೆ ನಾಟಿ ಕೋಳಿದು ನಾಟಿ ಒಂದೇ ಗೊತ್ತು,” ಅಂದರು. “ಕೊಡೋಕೆ ಇಷ್ಟ ಇಲ್ಲ ಅಂತ ಮೊದಲೇ ಅಂದಿದ್ರೆ ನಾನೇನು ಜಗಳ ಆಡ್ತಿದ್ನಾ?”

ಅಕ್ಕ ಆಗ ಒಂದು ಕೆಲಸ ಮಾಡಿದಳು. ಫೋನ್ ತೆಗೆದು, ಭಾವನಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟಳು.

“ರೀ, ಮಿಸ್ ಎದುರಿಗೇ ಇದಾರೆ. ಅವತ್ತು ನಾನು ಏನ್ ಹೇಳ್ದೆ, ನೀವ್ ಏನ್ ಮಾಡಿದ್ರಿ, ಇದ್ದಿದ್ದು ಇದ್ದಂಗೆ ಹೇಳಿ.”

“ಇನ್ನೇನ್ ಏಳ್ದೆ? ನಾಟಿ ಕಡ್ಡಿ ಮಾಡಿ ಮಿಸ್ಸಿಗೆ ಕೊಡಿ ಅಂದೆ. ಕೊಟ್ಟೆ.”

“ಹೈಬ್ರಿಡ್ ವಿಷಯ ಹೇಳಿ!”

“ಹೈಬ್ರಿಡ್ ನಿನಗೆ ಅಂತ ಎತ್ತಿಟ್ಟಿದ್ನಲ್ಲ ಮೆಟ್ಟಿಲ ಕೆಳಗೆ. ಒಂದ್ ಕಡ್ಡಿನೂ ಯಾರಿಗೂ ಕೊಡ್ಲಿಲ್ಲ ಕಣಮ್ಮ, ನಮ್ಮಪ್ಪನಾಣೆ.”

ಅಕ್ಕ ಫೋನ್ ಕಟ್ ಮಾಡಿದಳು. ಮಿಸ್ ಕಪ್ಪುಗಳನ್ನು ತಟ್ಟೆಗೆ ಎತ್ತಿಕೊಳ್ಳುತ್ತಾ, “ಸಾರ್ ಸುಳ್ಳು ಹೇಳೋರಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಪೇಪರ್‌ನೋರು. ನೀವೇ ಹೇಳಿ. ಇವರು ಫೋನಲ್ಲಿ ಮಾತಾಡ್ದಾಗ ನೀವಿದ್ರಾ?”

“ಇರಲಿಲ್ಲ.”

“ಕಟ್ಟು ತಂದುಕೊಟ್ರಲ್ಲ, ಯಾವ ಗಿಡದ್ದು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿರಲಿಲ್ಲ.”

“ಮತ್ತೆ?” ಅಂದರು.

ಮೆಟ್ಟಿಲಿಳಿದು ಬಂದು, ಅಂಗಡಿಯ ಮುಂದೆ ಮೂಟೆ ಇಳಿಸುತ್ತಿದ್ದ ಆಟೋಗಳ ಸಂದಿಯಲ್ಲಿ ನಿಂತು ಅಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಒಂದು ಮಾತು ಹೆಚ್ಚಿಗೆ ಆಡಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು?”

“ನಾನು ಅಲ್ಲಿ ಇರಲಿಲ್ಲ ಅಕ್ಕ. ಇದ್ದೆ ಅಂತ ಹೇಗೆ ಹೇಳಲಿ?”

“ಇರ್ಲಿಲ್ಲ ಅಂತ ನನಗೂ ಗೊತ್ತು ಕಣೋ. ನಮ್ಮಕ್ಕ ಅಂಥೋಳಲ್ಲ ಅಂತ ಹೇಳೋಕೆ ಅಲ್ಲೇ ಇರ್ಬೇಕಿತ್ತಾ?”

ದಾರಿಯಲ್ಲಿ ಬಂದ ಆಟೋವೊಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಒಬ್ಬಳೇ ಹಿನಕಲ್‌ಗೆ ಹೊರಟಳು.

ಇನ್ನು ಉಳಿದದ್ದು ಕುಂಡದ ಆ ಎರಡು ಕಡ್ಡಿಗಳು. ಎರಡೂ ಚಿಗುರಿದವು. ಅಕ್ಕ ಫೋನ್ ಮಾಡಿ ಹೇಳಿದಾಗ ಅವಳ ದನಿಯಲ್ಲಿ ಹಳೆಯ ಲವಲವಿಕೆ ಇತ್ತು. ನಾನು ಖುಷಿಪಡಲು ಅವಸರ ಮಾಡಲಿಲ್ಲ. ಕಡ್ಡಿ ತನ್ನೊಳಗಿನ ಪಸೆಯಿಂದಲೇ ನಾಲ್ಕು ಎಲೆ ಬಿಡಬಲ್ಲದು. ಕೆಳಗೆ ಬೇರೇ ಇರುವುದಿಲ್ಲ. ನೋಡಿದವರಿಗೆ ಗಿಡ ಹತ್ತಿಕೊಂಡ ಹಾಗೆ ಕಾಣುತ್ತದೆ, ಪಸೆ ತೀರಿದ ದಿನ ಎಲೆ ಜೋತುಬೀಳುತ್ತದೆ. ಒಂದು ಕಡ್ಡಿಗೆ ಹಾಗೆಯೇ ಆಯಿತು. ಅಕ್ಕ ಅದನ್ನು ಕಿತ್ತು ನೋಡಿದಳು. ಕೆಳಗಿನ ತುದಿ ಭಾವ ಕತ್ತರಿಸಿದ ಹಾಗೆಯೇ ಓರೆಯಾಗಿ, ಬೋಳಾಗಿ ಇತ್ತು.

ಇನ್ನೊಂದು ನಿಂತಿತ್ತು. ಅದರ ಎಲೆ ದಿನೇದಿನೇ ಅಗಲವಾಗಿ, ಎಲ್ಲೂ ಸೀಳಿಲ್ಲದೆ, ಹೈಬ್ರಿಡ್‌ನ ಎಲೆಯೇ ಎಂದು ಯಾರಾದರೂ ಹೇಳುವಂತಾಯಿತು. ಅಷ್ಟಾದದ್ದೇ ತಡ, ಅಕ್ಕ ಅದನ್ನು ಮಿಸ್‌ಗೆ ಕೊಟ್ಟುಬರುತ್ತೇನೆಂದು ಹೊರಟಳು.

“ಬೇರು ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಈಗ ಅಲ್ಲಾಡಿಸಿದರೆ ಹೋಗುತ್ತದೆ. ಇನ್ನೊಂದು ತಿಂಗಳು ಇರಲಿ,” ಎಂದೆ.

“ಹಂಗೇ ಇರ್ಲಿ ಇರ್ಲಿ ಅಂದೇ ಇಷ್ಟೆಲ್ಲಾ ಆಗಿದ್ದು. ಇದನ್ನೂ ಇಟ್ಕೊಂಡ್ ಕೂತ್ರೆ ಮಿಸ್ ಏನಂದ್ಕೋತಾರೆ?”

“ಸತ್ತ ಗಿಡ ಕೊಟ್ಟರೆ ಏನಂದುಕೊಳ್ಳುತ್ತಾರೆ?”

“ನಿನಗೆ ಗಿಡದ್ದೇ ಚಿಂತೆ,” ಅಂದಳು.

ಆಟೋದಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಹಂಪು ಬಂದಾಗಲೆಲ್ಲ ಚಾಲಕನಿಗೆ ನಿಧಾನ ಕಣಪ್ಪಾ ಎನ್ನುತ್ತಾ ಒಯ್ದಳು. ಮಿಸ್ ಎಲೆಯನ್ನು ಬೆರಳಿನಿಂದ ತಿರುವಿ ನೋಡಿದರು. ತಮ್ಮ ಗಿಡ ಅವರಿಗೆ ಗುರುತು ಸಿಕ್ಕಿತು. ಮುಖ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಅವರು ಹೇಳಿದ್ದು ಇಷ್ಟೇ: “ಅಂತೂ ಹೈಬ್ರಿಡ್ ನಿಮ್ಮನೇಲೇ ಇತ್ತು. ಒಳ್ಳೇದು ಮಿಸ್.”

ಅಕ್ಕ ವಾಪಸ್ಸು ಬರುವಾಗ ಆಟೋದಿಂದಲೇ ನನಗೆ ಫೋನ್ ಮಾಡಿ ಇದನ್ನು ಹೇಳಿದಳು. ಕೊಡದಿದ್ದಾಗ ಇಟ್ಟುಕೊಂಡಳು ಅನಿಸಿಕೊಂಡಳು; ಕೊಟ್ಟ ಮೇಲೆ ಇಟ್ಟುಕೊಂಡಿದ್ದಳು ಎಂಬುದು ಖಚಿತವಾಯಿತು. ಈ ವಿಷಯದಲ್ಲಿ ಯಾವ ದಿಕ್ಕಿನಿಂದ ಹೋದರೂ ಅದೇ ಗೋಡೆಗೆ ಬಂದು ತಲೆ ತಾಗುತ್ತಿತ್ತು. ನನಗೆ ನಿಜವಾಗಿ ಸಾಕಾಗಿತ್ತು. ಇನ್ನು ಈ ಗಿಡದ ಸುದ್ದಿ ನನ್ನ ಹತ್ತಿರ ತರಬೇಡ ಎಂದು ಹೇಳಿ ಕೆಲಸಕ್ಕೆ ಕೂತೆ.

ಸುದ್ದಿ ತಂದವರು ಮಿಸ್. ಸ್ವಲ್ಪ ದಿನ ಬಿಟ್ಟು ಒಂದು ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿದರು. ಅವರು ಹಾಗೆ ಮಾಡಿದ್ದು ಅದೇ ಮೊದಲು.

“ಗಿಡ ಹೋಯ್ತು,” ಅಂದರು. “ಎಲೆ ಎಲ್ಲಾ ಜೋತ್ಬಿದ್ದು ಕಪ್ಪಾಗೋಯ್ತು. ನಾನೇನೂ ಮಾಡ್ಲಿಲ್ಲ, ಬಿಸಿಲಿಗೂ ಇಟ್ಟಿರ್ಲಿಲ್ಲ. ನೀವು ನಿಮ್ಮಕ್ಕನಿಗೆ ಹೇಳ್ತೀರಾ?”

“ನೀವೇ ಹೇಳಬಹುದಲ್ಲ ಮಿಸ್.”

“ನಾನು ಹೇಳಿದ್ರೆ ಸಿಟ್ಟಿಗೆ ಬೇಕೂಂತ ಒಣಗಿಸ್ಬುಟ್ಟೆ ಅಂದ್ಕೋತಾರೆ.”

ನಾನು ಅಲ್ಲಿ ಇರಲಿಲ್ಲ, ಗಿಡ ಹೇಗೆ ಹೋಯಿತೆಂದು ನನಗೆ ಗೊತ್ತಿಲ್ಲ, ಹಾಗಾಗಿ ನಾನು ಹೇಳಲಾರೆ ಎಂದೆ. ಹಿನಕಲ್‌ಗೆ ನೀವೇ ಬನ್ನಿ, ಬೇಕಾದರೆ ನಾನೂ ಬಂದಿರುತ್ತೇನೆ ಎಂದೆ.

ಅವರು ಬಂದರು. ನಾನೂ ಹೋಗಿದ್ದೆ. ಒಣಗಿದ ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಅಕ್ಕ ಅದನ್ನು ಇಸಿದುಕೊಂಡು, ಅವರ ಎದುರಿಗೇ ಮೇಲಿಂದ ಕೆಳಗಿನವರೆಗೂ ಉಗುರಿನಿಂದ ಕೆರೆದಳು. ಎಲ್ಲೂ ಹಸಿರಿರಲಿಲ್ಲ. ಬುಡದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಬೇರೊಂದು ಹುಟ್ಟಿ, ಮುರಿದು, ಕಂದಾಗಿತ್ತು.

“ಬೇರು ಬರ್ತಿತ್ತು ಮಿಸ್. ಆಟೋದಲ್ಲಿ ನಾನೇ ಕುಲುಕಿಬಿಟ್ಟೆ,” ಅಂದಳು ಅಕ್ಕ.

“ಇಲ್ಲ ಇಲ್ಲ, ನಾನು ನೀರು ಜಾಸ್ತಿ ಹಾಕಿರ್ಬೇಕು,” ಅಂದರು ಮಿಸ್.

ತಪ್ಪನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರೂ ಅದು ಮರ್ಯಾದೆಯ ಮಾತು, ನಂಬಿಕೆಯ ಮಾತಲ್ಲ ಎಂಬುದು ಕೇಳಿದರೆ ತಿಳಿಯುತ್ತಿತ್ತು. ಮಿಸ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಾಫಿ ಮುಗಿಯುತ್ತಲೇ ಬ್ಯಾಗು ತೆಗೆದುಕೊಂಡರು. ಬಂದವರನ್ನು ಬರಿಗೈಯಲ್ಲಿ ಕಳಿಸಲು ಅಕ್ಕನಿಗೆ ಮನಸ್ಸಾಗಲಿಲ್ಲ. ಕಪ್ಪುಗಳನ್ನು ಒಳಗಿಡಲು ಹೋಗುತ್ತಿದ್ದವಳು ಭಾವನಿಗೆ ಕೂಗಿ ಹೇಳಿದಳು:

“ರೀ, ಹಿಂದೆ ಟ್ರೇಯಲ್ಲಿ ನಾಟಿ ಸಸಿ ಇದೆ. ಮಿಸ್‌ಗೆ ನಾಲ್ಕು ಕಿತ್ಕೊಡಿ.”

ಭಾವ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತರು.

“ನಾಟಿ ಎಲ್ಲೈತೆ? ಅಲ್ಲಿರೋದೆಲ್ಲಾ ಹೈಬ್ರಿಡ್ ಟೊಮೇಟೊ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಮಿಸ್ ಕಡೆ ನೋಡಿದೆ. ಅವರು ಭಾವನನ್ನು ನೋಡುತ್ತಿದ್ದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಅಕ್ಕನನ್ನು ನೋಡಿದರು. ಭಾವ ಮಾತ್ರ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.

“ಹುಡುಕ್ದೆ ಕಣಮ್ಮ. ನಾಟಿ ಒಂದೂ ಇಲ್ಲ.”

ಮಿಸ್ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಎದ್ದರು.

“ಸಾರ್, ನೀವು ಇನ್ಮೇಲೆ ಯಾವ ಗಿಡಾನೂ ಮುಟ್ಬೇಡಿ. ಕೂತ್ಕೊಳ್ಳಿ ಸುಮ್ನೆ,” ಅಂದರು. ಅಕ್ಕ ಭಾವನನ್ನು ಗದರುವ ದನಿಯೇ ಅದು. ಅಡುಗೆಮನೆಯನ್ನು ದಾಟಿ, ಅಕ್ಕನ ತೋಳು ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಸಸಿ ಕೀಳುವಾಗ ಇಬ್ಬರೂ ಭಾವನನ್ನು ಸೇರಿಕೊಂಡು ಬಯ್ಯುತ್ತಿದ್ದದ್ದು ಒಳಗಿನವರೆಗೂ ಕೇಳಿಸುತ್ತಿತ್ತು.

ಆ ಹೈಬ್ರಿಡ್ ಹಿಪ್ಪುನೇರಳೆ ಈಗ ಹಿನಕಲ್‌ನಲ್ಲೂ ಇಲ್ಲ, ಮಂಡಿ ಮೊಹಲ್ಲಾದಲ್ಲೂ ಇಲ್ಲ. ಅಂಥದೇ ಒಂದು ಸಿಗಬಹುದೆಂದು ಊರಿನ ನರ್ಸರಿಗಳಲ್ಲಿ ಕೇಳುತ್ತಲೇ ಇದ್ದೇನೆ. ತೋರಿಸಿದ ಯಾವುದೂ ಅದಲ್ಲ. ಭಾವ ಅಂದು ಕುರ್ಚಿಯಲ್ಲಿ ಕೂತು, ನನ್ನ ಮುಖ ನೋಡಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು:

“ಟೊಮೇಟೊ ನಾಟಿ ಅಲ್ಲ ಅಂದ್ರೆ ಅದರಲ್ಲೇನಪ್ಪಾ ತಪ್ಪು?”